ಐದಿಂಚು ಎತ್ತರದಿಂದ

ಜುಲೈ 28, ಸೋಮವಾರ

ಬೆಳಗಿನ ಜಾವ ಮೂರು ಹತ್ತು. ಬುಸ್ಸೆಂದು ಯಾರೋ ಉಸಿರೆಳೆದ ಸದ್ದಿಗೆ ಎಚ್ಚರವಾಯಿತು. ನಿಶ್ಚಿತಾಳಿಗೆ ಉಸಿರು ಕಟ್ಟಿತೆಂದೇ ತೊಟ್ಟಿಲಿಗೆ ಕೈ ಹಾಕಿದೆ. ಅವಳು ಮುಷ್ಟಿ ಬಿಗಿದುಕೊಂಡು, ಕನಸಿನಲ್ಲೇ ಏನನ್ನೋ ಚೀಪುತ್ತಾ ಮಲಗಿದ್ದಳು. ಸದ್ದು ಬಂದದ್ದು ಬಚ್ಚಲ ನಲ್ಲಿಯಿಂದ. ನೀರು ಬಿಡುವ ಮುಂಚೆ ಅದು ಹೀಗೆ ಗಾಳಿ ಕಕ್ಕುತ್ತದೆ. ದಿನವೂ ಗೊತ್ತಿರುವ ಸಂಗತಿ, ದಿನವೂ ಎದೆ ಹೊಡೆದುಕೊಳ್ಳುತ್ತದೆ. ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರು ಬೆಚ್ಚಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದೆ. ಇನ್ನು ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

ನನ್ನ ಗಂಡ ಲೋಕೇಶ್‌ಗೆ ಈ ವಾರ ನೈಟ್ ಶಿಫ್ಟ್. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಒಳಗೆ ಹೋಗುವಾಗಲೇ ಫೋನ್ ಇಸಿದುಕೊಂಡುಬಿಡುತ್ತಾರೆ, ಬೆಳಿಗ್ಗೆ ಶಿಫ್ಟ್ ಮುಗಿದ ಮೇಲೆ ಕೊಡುವುದು. ಅಗ್ರಹಾರದ ಈ ಮಹಡಿ ಮನೆಯಲ್ಲಿ ರಾತ್ರಿ ನಾನು, ಏಳು ತಿಂಗಳ ನಿಶ್ಚಿತಾ. ಕೆಳಗೆ ಓನರ್ ಮಂಜುಳಮ್ಮ ಒಬ್ಬರೇ.

ನಿನ್ನೆ ಅತ್ತೆ ಬಂದಿದ್ದರು. ಅವರು ಬಾಗಿಲು ತಳ್ಳುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿ, ಉರಿ ಆರಿ, ಗ್ಯಾಸ್ ಮಾತ್ರ ಸೋರುತ್ತಿತ್ತಂತೆ. ನಾನು ಅಡುಗೆಮನೆಯ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದೆ. ಅತ್ತೆ ಬೈಯಲಿಲ್ಲ. ಕಿಟಕಿಗಳನ್ನೆಲ್ಲಾ ತೆಗೆದರು, ಕಟ್ಟೆ ಒರೆಸಿದರು, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. ಬೈದಿದ್ದರೆ ಚೆನ್ನಾಗಿತ್ತು.

"ನೋಡವ್ವ ಗಗನ, ನಿನ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ರಾತ್ರಿಯೆಲ್ಲಾ ಮಗೀನ ಮೂಗಿಗೆ ಕೈ ಇಟ್ಕಂಡು ಕೂತ್ರೆ ಅಗಲೊತ್ತು ಇಂಗೇ ಆಗೋದು. ದಸರಾ ಶುರುವಾಗೋಗಂಟ ನೋಡ್ತೀನಿ. ನೀನು ನೆಟ್ಗಾದ್ರೆ ಸರಿ. ಇಲ್ಲಾಂದ್ರೆ ಮಗು ಬನ್ನಿಮಂಟಪದಲ್ಲಿ ನಮ್ ಜೊತೇಲೇ ಇರ್ಲಿ. ನೀನು ಬಂದು ನೋಡ್ಕಂಡು ಹೋಗು."

ಅಷ್ಟರಲ್ಲಿ ಹೊರಗಿನಿಂದ ಬಂದಿದ್ದ ಲೋಕೇಶ್ ನೆಲ ನೋಡುತ್ತಾ ಕೂತಿದ್ದರು. ಬೇಡ ಅನ್ನಲಿಲ್ಲ.

ಬಂದು ನೋಡಿಕೊಂಡು ಹೋಗುವುದು. ಹಣ್ಣು ಬ್ರೆಡ್ಡು ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ ಬರುವ ಹಾಗೆ ನನ್ನ ಮಗಳನ್ನು ನಾನು ನೋಡಿ ಬರಬೇಕು.

ಈ ನಿದ್ದೆಗೇಡಿಗೆಂದು ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಎದೆಹಾಲಿಗೆ ಇಳಿಯುತ್ತದೆಂಬ ಭಯಕ್ಕೆ ನುಂಗುತ್ತಿಲ್ಲ. ಹಾಸನದಲ್ಲಿ ನರ್ಸ್ ಆಗಿರುವ ನನ್ನ ತಂಗಿ ಸುಚಿತ್ರಾ, "ಏನೂ ಆಗಲ್ಲ ಅಕ್ಕ, ನುಂಗು" ಅಂತಾಳೆ. ಆದರೂ. ಮನೆಯಿಂದ ಹೊರಗೆ ಹೋಗಿ ಏನಾದರೂ ಕೆಲಸ ಹಿಡಿಯಿರಿ ಎಂದೂ ಡಾಕ್ಟರು ಹೇಳಿದ್ದರು. ಇವರದೂ ಅದೇ ಮಾತು. "ನೀನೊಂದು ಕೆಲಸಕ್ಕೆ ನೆಟ್ಟಗೆ ಹೋಗಿ ಬರ್ತಿದ್ರೆ ಅಮ್ಮ ಆಮೇಲೆ ಬಾಯಿ ತೆಗೆಯಲ್ಲ ಕಣೆ." ದೇವರಾಜ ಮೊಹಲ್ಲಾದ ಒಂದು ರೇಷ್ಮೆ ಸೀರೆ ಅಂಗಡಿಯ ಬಾಗಿಲಿಗೆ ಹುಡುಗಿಯರು ಬೇಕಾಗಿದ್ದಾರೆಂದು ಅಂಟಿಸಿದ್ದಾರೆ. ಬಿ.ಕಾಂ. ಓದಿದವಳಿಗೆ ಬಿಲ್ ಬರೆಯುವ ಕೆಲಸವಾದರೂ ಸಿಗಬಹುದು.

ಜುಲೈ 30, ಬುಧವಾರ

ಬಿಲ್ಲಿಗೆ ಜನ ಇದ್ದಾರಂತೆ. ಬೇಕಾಗಿರುವುದು ಸೀರೆ ಉಟ್ಟು ತೋರಿಸುವವರು. ಮದುವೆ ಜವಳಿಗೆ ಬಂದವರು ಸೋಫಾದಲ್ಲಿ ಬಾದಾಮಿ ಹಾಲು ಕುಡಿಯುತ್ತಾ ಕೂತಿರುತ್ತಾರೆ. ಅವರು ಆರಿಸಿದ ಸೀರೆ ಉಟ್ಟುಕೊಂಡು ಅವರೆದುರಿಗೆ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಮೇಲಿನ ಮಹಡಿಯಲ್ಲಿ ಅದಕ್ಕೆಂದೇ ಮೊಣಕಾಲೆತ್ತರಕ್ಕೆ ಹಲಗೆ ಕಟ್ಟಿ ಕೆಂಪು ಕಾರ್ಪೆಟ್ ಹಾಸಿದ್ದಾರೆ.

ಆ ವಿಭಾಗ ನೋಡಿಕೊಳ್ಳುವ ಕುಸುಮ ಮೇಡಂ ನನ್ನನ್ನು ಗೋಡೆಗೆ ನಿಲ್ಲಿಸಿ, ತಲೆಯ ಮೇಲೆ ಸ್ಕೇಲ್ ಇಟ್ಟು ಅಳೆದರು.

"ಮುಖ ಇದೆ, ಮೈ ಇದೆ, ಎತ್ತರ ಒಂದಿಲ್ಲ. ದೊಡ್ಡಂಚಿನ ಸೀರೆ ಉಟ್ರೆ ಅಂಚೇ ಮೊಣಕಾಲಿಗೆ ಬಂದ್ಬುಡುತ್ತೆ ಕಣಮ್ಮ."

"ಕಲ್ತ್ಕೋತೀನಿ ಮೇಡಂ," ಎಂದುಬಿಟ್ಟೆ.

"ಎತ್ತರಾನ ಕಲಿಯಕ್ಕಾಗುತ್ತಾ?" ಎಂದು ನಕ್ಕರು. ಆಮೇಲೆ ಏನನ್ನಿಸಿತೋ, ತಮ್ಮ ನಿರಿಗೆಯನ್ನು ಒಂದು ಗೇಣು ಮೇಲಕ್ಕೆತ್ತಿದರು. ಒಳಗೆ ಪೆನ್ಸಿಲ್‌ನಷ್ಟು ಸಪೂರದ ಹೀಲ್ಸ್. ಅಷ್ಟು ಹೊತ್ತು ಮಾತಾಡಿದರೂ ಅವರು ಅದರ ಮೇಲೆ ನಿಂತಿದ್ದಾರೆಂದು ನನಗೆ ಗೊತ್ತೇ ಆಗಿರಲಿಲ್ಲ.

"ಐದಿಂಚು. ಇದು ಕಾಲಲ್ಲಿದೆ ಅಂತ ಯಾರಿಗೂ ತಿಳೀದಂಗೆ ನಡಿಯೋದು ಕಲಿ. ಒಂದು ವಾರ ಬಿಟ್ಟು ಬಾ."

ಆಗಸ್ಟ್ 1, ಶುಕ್ರವಾರ

ಹೀಲ್ಸ್ ತಂದೆ. ಸಂಜೆ ಹೊತ್ತೇ ಕೊಳ್ಳಬೇಕಂತೆ. ಬೆಳಿಗ್ಗೆ ಸರಿ ಹೋದದ್ದು ಸಂಜೆಗೆ ಕಾಲು ಊದಿ ಬಿಗಿಯುತ್ತದಂತೆ. ಕಣಕಾಲಿಗೆ ಪಟ್ಟಿ ಇರುವುದೇ ಆಗಬೇಕಂತೆ. ಎಲ್ಲಾ ಕುಸುಮ ಮೇಡಂ ಹೇಳಿಕೊಟ್ಟದ್ದು.

ಆದರೆ ಹಾಕಿಕೊಂಡು ನಡೆಯುವುದೆಲ್ಲಿ? ಬೀದಿಯಲ್ಲಿ ನಡೆದರೆ ಅಗ್ರಹಾರವೆಲ್ಲಾ ಜಗಲಿಗೆ ಬಂದು ಕೂರುತ್ತದೆ. ಮನೆಯೊಳಗೆ ಚಪ್ಪಲಿ ತರುವ ಹಾಗಿಲ್ಲ; ಮನೆ ಬಾಡಿಗೆಗೆ ಕೊಡುವಾಗ ಮಂಜುಳಮ್ಮ ಹೇಳಿದ ಮೊದಲ ಮಾತೇ ಅದು. ನಮ್ಮ ಚಪ್ಪಲಿಗಳೆಲ್ಲಾ ಕೆಳಗೆ ಬೀದಿ ಬಾಗಿಲ ಪಕ್ಕದ ಗೂಡಿನಲ್ಲಿ. ಅಲ್ಲಿಂದ ಮರದ ಮೆಟ್ಟಿಲನ್ನು ಬರಿಗಾಲಲ್ಲೇ ಹತ್ತುವುದು, ಬರಿಗಾಲಲ್ಲೇ ಇಳಿಯುವುದು.

ಡಬ್ಬಿ ಹಿಡಿದುಕೊಂಡೇ ಅವರ ಬಾಗಿಲಿಗೆ ಹೋದೆ. "ಆಂಟಿ, ಇದು ಹೊಸದು. ಇನ್ನೂ ರಸ್ತೆ ಮುಟ್ಟಿಲ್ಲ."

ಕನ್ನಡಕವನ್ನು ಮೂಗಿಗಿಳಿಸಿ, ಒಂದೊಂದನ್ನೂ ಬೋರಲು ಹಾಕಿ ಅಡಿ ನೋಡಿದರು. "ಇದೇನಮ್ಮಾ ಇದು, ಚಪ್ಪಲಿಗೆ ಊರುಗೋಲು ಸಿಗಿಸ್ಬುಟ್ಟವ್ರೆ?" ನಾನು ನಗಲಿಲ್ಲವೆಂದು ನನ್ನ ಮುಖ ನೋಡಿದರು. ಅತ್ತೆ ಹೇಳಿದ್ದು ಅವರಿಗೂ ಗೊತ್ತು. ನಾನು ಕೆಲಸಕ್ಕೆ ಹೋದರೆ ಹಗಲು ಪಾಪುವನ್ನು ನೋಡಿಕೊಳ್ಳುತ್ತೇನೆಂದು ಅವರೇ ಒಪ್ಪಿದ್ದಾರೆ. "ಸರಿ. ರಸ್ತೆ ಮುಟ್ಟೋಗಂಟ ಇದು ಚಪ್ಪಲಿ ಅಲ್ಲ, ಸಾಮಾನು. ಮನೇಲಿ ಹಾಕ್ಕೋ. ದೇವರ ಮುಂದೆ ಮಾತ್ರ ಬೇಡ. ಒಂದ್ಸಲ ರಸ್ತೆಗೆ ಇಳೀತೋ, ಆಮೇಲೆ ಅದು ಗೂಡಿಗೇ."

ಆಗಸ್ಟ್ 3, ಭಾನುವಾರ

ಮೇಲೆದ್ದು ನಿಂತಾಗ ನಮ್ಮ ಮನೆ ಬೇರೆ ಯಾರದ್ದೋ ಮನೆಯಂತೆ ಕಂಡಿತು. ಅಟ್ಟದ ಅಂಚಿನ ಧೂಳು, ಗಡಿಯಾರದ ಹಿಂದಿನ ಹಲ್ಲಿ, ಎಲ್ಲ ಕಣ್ಣಿನ ನೇರಕ್ಕೆ. ನಮ್ಮದು ಹಳೇ ಕಾಲದ ಕೆಂಪು ನೆಲ, ಎಣ್ಣೆ ಹಚ್ಚಿ ಒರೆಸಿದ ಹಾಗೆ ಜಾರುತ್ತದೆ. ಮೊದಲ ಹೆಜ್ಜೆಗೇ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಂಡಿ ಮಡಿಸದೆ ಹೆಜ್ಜೆ ಬರುವುದಿಲ್ಲ, ಮಡಿಸಿದರೆ ಹಿಂಭಾಗ ಹೊರಗೆ ಬರುತ್ತದೆ. ಎರಡು ಸಲ ಬಿದ್ದೆ. ಬಲಗೈ ಮಣಿಕಟ್ಟು ನೋಯುತ್ತಿದೆ.

ನಿಶಿಯನ್ನು ಸುತ್ತಲೂ ದಿಂಬು ಇಟ್ಟು ಚಾಪೆಯ ಮೇಲೆ ಮಲಗಿಸಿದ್ದೆ. ನಾನು ಟಕ್ ಟಕ್ ಎಂದಾಗಲೆಲ್ಲಾ ಕಾಲು ಬಡಿದು ನಗುತ್ತಾಳೆ. ನನ್ನನ್ನು ನೋಡಿ ಇಷ್ಟು ನಕ್ಕದ್ದು ಇದೇ ಮೊದಲು. ಒಂದು ನಿಯಮ ಮಾಡಿಕೊಂಡಿದ್ದೇನೆ: ಹೀಲ್ಸ್ ಕಾಲಲ್ಲಿರುವಾಗ ಅವಳನ್ನು ಎತ್ತಿಕೊಳ್ಳಬಾರದು. ಎಷ್ಟೇ ಅಳಲಿ, ಮೊದಲು ಪಟ್ಟಿ ಬಿಚ್ಚಿ, ಆಮೇಲೆ ಅವಳು.

ಸಂಜೆ ಕೆಳಗಿನಿಂದ ಮಂಜುಳಮ್ಮ ಕೂಗಿದರು. "ಗಗನಾ, ಟಾಂಗಾ ಸ್ಟ್ಯಾಂಡ್ ಮಾಡ್ಬುಟ್ಟೆಯೇನೆ ನಮ್ಮನೇನ? ಹುಲ್ಲು ತಂದು ಹಾಕ್ಲಾ?" ಹೀಲ್ಸಿನ ತುದಿಗೆ ಹಳೇ ಬಟ್ಟೆ ಕಟ್ಟಿಕೊಂಡು ನಡೆದೆ.

ಆಗಸ್ಟ್ 6, ಬುಧವಾರ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ನೂಕುನುಗ್ಗಲು, ಇವತ್ತಿನಿಂದಲೇ ಕೆಲಸಕ್ಕೆ ಸೇರಿಸಿಕೊಂಡರು. ಬೆಳಿಗ್ಗೆ ಹಾಲು ಹಿಂಡಿ ಲೋಟದಲ್ಲಿಟ್ಟು, ನಿಶಿಯನ್ನು ಮಂಜುಳಮ್ಮನ ತೊಡೆಗೆ ಹಾಕುವಾಗ ಅವಳು ನನ್ನ ಸರ ಹಿಡಿದುಕೊಂಡಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ದಾರಿಯುದ್ದಕ್ಕೂ ಆ ಬೆರಳುಗಳೇ. ಅಂಗಡಿಯಿಂದ ನಾಲ್ಕು ಸಲ ಫೋನ್ ಮಾಡಿದೆ. "ಉಸಿರಾಡ್ತಾ ಇದೆ ಕಣಮ್ಮ, ಇನ್ನೇನ್ ಹೇಳ್ಲಿ? ಮಧ್ಯಾಹ್ನ ಮಲಗಕ್ಕೆ ಬುಡು," ಎಂದರು ಮಂಜುಳಮ್ಮ.

ಕುಸುಮ ಮೇಡಂ ಕಾರ್ಪೆಟ್ಟಿನ ಪಕ್ಕದಲ್ಲೇ ನಡೆಯುತ್ತಾ ಕಿವಿಯಲ್ಲಿ ಹೇಳುತ್ತಿದ್ದರು. "ಹೇಂಟೆ ಹಂಗೆ ಕತ್ತು ಆಡಿಸ್ಬೇಡ. ಚಿಕ್ಕ ಹೆಜ್ಜೆ. ಮೊದ್ಲು ಹಿಮ್ಮಡಿ, ಆಮೇಲೆ ಬೆರಳು. ಒಂದೇ ಗೆರೆ ಮೇಲೆ. ಕೆಳಗೆ ನೋಡ್ದೆ ಅಂದ್ರೆ ಬಿದ್ದೆ ಅಂತಾನೇ ಲೆಕ್ಕ. ನೀನು ನಡೀತಿದ್ದೀಯ ಅಂತ ಅವರಿಗೆ ಗೊತ್ತಾಗ್ಬಾರ್ದು. ಸೀರೆ ನಡೀತಿರಬೇಕು."

ಕಿರುಬೆರಳಿನ ಗುಳ್ಳೆ ಒಡೆದು ರಕ್ತ ಬಂದಿದೆ. ಸೀರೆಗೆ ತಾಗದ ಹಾಗೆ ಟಿಶ್ಯೂ ಸುತ್ತಿಕೊಂಡೆ. ಸಂಜೆ ಬಂದು ಅವಳನ್ನು ಎದೆಗೆ ಹಾಕಿಕೊಂಡು ಎಷ್ಟೋ ಹೊತ್ತು ಕತ್ತಲಲ್ಲೇ ಕೂತಿದ್ದೆ. ಅವಳ ನೆತ್ತಿಗೆ ಮಂಜುಳಮ್ಮನ ಮನೆಯ ಒಗ್ಗರಣೆಯ ವಾಸನೆ.

ಆಗಸ್ಟ್ 13, ಬುಧವಾರ

ಇವತ್ತು ಕೆಲಸ ಕೈತಪ್ಪಿ ಹೋಗುವುದರಲ್ಲಿತ್ತು.

ಮಂಡ್ಯ ಕಡೆಯ ಮದುವೆ ಮನೆಯವರು. ತಿಳಿ ಗುಲಾಬಿ ರೇಷ್ಮೆ ಉಟ್ಟು ನಡುವಿನವರೆಗೆ ಬಂದಿದ್ದೆ. ಸೋಫಾದ ಹಿಂದೆ ಯಾರದೋ ಕೂಸು ಅತ್ತಿತು. ಹಸಿವಿನ ಅಳು, ನಿಶಿಯದೇ ಅಳು. ಅಷ್ಟೇ, ಎದೆ ಜುಮ್ಮೆಂದು ಹಾಲಿಳಿಯಿತು. ಕುಪ್ಪಸ ದಾಟಿ ಸೆರಗಿನವರೆಗೆ ಒದ್ದೆ. ನಿಲ್ಲಿಸುವುದು ನನ್ನ ಕೈಯಲ್ಲಿರಲಿಲ್ಲ. ನಡೆಯುತ್ತಲೇ ಇದ್ದೆ. ಕುಸುಮ ಮೇಡಂ ಎಲ್ಲಿದ್ದರೋ, ಬಂದು ಇನ್ನೊಂದು ಸೀರೆಯ ಸೆರಗನ್ನು ನನ್ನ ಮೇಲೆ ಹೊದಿಸಿ, "ಇದಕ್ಕೆ ಈ ಬಣ್ಣದ ಜೋಡಿ ನೋಡ್ಬುಡಿ ಅಮ್ಮಾ," ಎನ್ನುತ್ತಾ ನನ್ನನ್ನು ಒಳಗೆ ತಳ್ಳಿಕೊಂಡು ಹೋದರು.

ಒಳಗೆ ಹೋದ ಮೇಲೆ ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಒತ್ತುತ್ತಾ ಇದ್ದರು. ಬೈಗುಳ ಬರಲಿಲ್ಲ. "ನಂಗೂ ಹಂಗೇ ಆಗಿತ್ತು, ನನ್ ಮಗ ಹುಟ್ಟಿದಾಗ. ಇನ್ನೊಂದ್ಸಲ ಆದ್ರೆ ಅಂಗಡಿ ಓನರ್ ನಿನ್ನೂ ಇಡಲ್ಲ, ನನ್ನೂ ಇಡಲ್ಲ. ಎರಡು ಮೊಳ ಮಲ್ಲಿಗೆ ತಗೊಂಡು ರಾತ್ರಿ ಎದೆಗೆ ಕಟ್ಕೊಂಡು ಮಲ್ಕೋ. ನಾಲ್ಕು ದಿನಕ್ಕೆ ಹಾಲು ಬತ್ತಿಹೋಗುತ್ತೆ."

ಮಾರ್ಕೆಟ್ಟಿನಲ್ಲಿ ಹೂವು ಕೊಂಡೆ. ಹೂವಿನವಳು ಮುಡಿಗೆಂದು ತಿಳಿದು ಬಾಳೆನಾರಿನಿಂದ ಚೆನ್ನಾಗಿ ಕಟ್ಟಿಕೊಟ್ಟಳು. ಈಗ ಮೈಯೆಲ್ಲಾ ಮಲ್ಲಿಗೆ. ನಿಶಿ ತೊಟ್ಟಿಲಲ್ಲಿ ಮೂಗರಳಿಸಿ ಹುಡುಕುತ್ತಿದ್ದಾಳೆ. ಕೆಲಸ ಇದ್ದರೆ ತಾನೇ ನೀನು ನನ್ನ ಹತ್ತಿರ ಇರೋದು, ಪುಟ್ಟಿ.

ಆಗಸ್ಟ್ 24, ಭಾನುವಾರ

ಗೌರಿ ಹಬ್ಬದ ಗಿರಾಕಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಲಿನ ಮೇಲೆ. ನೋವಿಲ್ಲ! ಗುಳ್ಳೆ ಒಣಗಿ ಗಟ್ಟಿಯಾಗಿದೆ. ಮಂಡಿಯ ನಡುಕ ಹೋಗಿದೆ. ತುದಿಗೆ ಬಂದು ತಿರುಗುವುದು ಒಂದು ಕಷ್ಟವಿತ್ತು, ಈಗ ಬೆರಳ ಬುಡದ ಮೇಲೆ ಹಾಗೇ ಸುತ್ತಿಬಿಡುತ್ತೇನೆ. ನಿರಿಗೆ ಬೀಸಣಿಗೆಯ ಹಾಗೆ ತೆರೆದು ಮುಚ್ಚಿಕೊಳ್ಳುತ್ತದೆ. ಒಬ್ಬ ಅಜ್ಜಿ "ನಮ್ ಹುಡುಗೀಗೂ ಇದೇ ಎತ್ತರ, ಈ ಸೀರೇನೇ ಒಪ್ಪುತ್ತೆ" ಎಂದರು. ಎತ್ತರವಂತೆ! ಕುಸುಮ ಮೇಡಂ ಕಣ್ಣು ಮಿಟುಕಿಸಿದರು.

ಮನೆಗೆ ಹೀಲ್ಸಿನಲ್ಲೇ ಬಂದೆ. ಮಾಮೂಲಿ ಚಪ್ಪಲಿ ಹಾಕಿಕೊಂಡರೆ ಮೀನಖಂಡ ಹಿಡಿದೆಳೆದ ಹಾಗಾಗುತ್ತದೆ. ಅಲ್ಲಿಗೆ ರಸ್ತೆ ಮುಟ್ಟಿದಂತಾಯಿತು. ಮಂಜುಳಮ್ಮ ಬಾಗಿಲಲ್ಲೇ ಬೆರಳು ತೋರಿಸಿದರು, ಗೂಡು. ನ್ಯಾಯವೇ ಬಿಡಿ. ಅಡುಗೆ ಮಾಡುವಾಗ ಹಿಮ್ಮಡಿಯ ಕೆಳಗೆ ಕೂರುವ ಮಣೆ ಇಟ್ಟುಕೊಂಡು ನಿಂತೆ, ಹಾಯೆನ್ನಿಸಿತು.

ನಿನ್ನೆ ರಾತ್ರಿ ನಿದ್ದೆ ಬಂತು. ನಲ್ಲಿಯ ಸದ್ದು ಕೇಳಲೇ ಇಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಮಗು ಅಂಬೆಗಾಲಿಟ್ಟಿತಂತೆ. ಮಂಜುಳಮ್ಮ ಹೇಳಿದರು.

ದಸರಾಕ್ಕೆ ದೊಡ್ಡ ಪ್ರದರ್ಶನ ಮಾಡುತ್ತಾರಂತೆ. ಮೊದಲ ಸೀರೆ ನನಗೆ.

ಸೆಪ್ಟೆಂಬರ್ 9, ಮಂಗಳವಾರ

ಪಕ್ಷಮಾಸ, ಗಿರಾಕಿ ಇಲ್ಲ. ಊಟದ ಹೊತ್ತಿಗೆ ಕುಸುಮ ಮೇಡಂ ಹೀಲ್ಸ್ ಬಿಚ್ಚಿ ಕಾಲು ತೋರಿಸಿದರು. ಹೆಬ್ಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ. ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ನಿಂತರು. ಹಿಮ್ಮಡಿ ನೆಲಕ್ಕೆ ತಾಗಲಿಲ್ಲ, ಕೆಳಗೆ ಬೆರಳು ತೂರಿಸಬಹುದಿತ್ತು.

"ಬೆಟ್ಟಕ್ಕೆ ಹೋಗಿ ಎಷ್ಟು ವರ್ಷವಾಯ್ತೋ ಕಣೆ. ಚಪ್ಪಲಿ ಬಿಡಬೇಕಲ್ಲ, ಬಿಟ್ರೆ ಹಿಂದಕ್ಕೆ ಬೀಳ್ತೀನಿ. ದೂರದಿಂದಾನೇ ಕೈ ಮುಗಿಯೋದು. ಚಾಮುಂಡವ್ವಂಗೆ ಗೊತ್ತಿರುತ್ತೆ ಬುಡು, ಅವಳೂ ಹೆಂಗಸು."

ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಪಾಪ, ಅವರದು ಇಪ್ಪತ್ತು ವರ್ಷದ ಕಾಲು. ನನ್ನದಿನ್ನೂ ಏನು ಮಹಾ.

ಸೆಪ್ಟೆಂಬರ್ 14, ಭಾನುವಾರ

ಅತ್ತೆ ಬಂದಿದ್ದರು. ಮನೆ ಕಣ್ಣಾಡಿಸಿ ನೋಡಿದರು. ಒಲೆ ಕಟ್ಟೆ ಥಳಥಳ, ತೊಟ್ಟಿಲ ಬಟ್ಟೆ ಮಡಿಸಿದ್ದು ಹಾಗೇ ಇದೆ. ನನ್ನ ಕೆನ್ನೆ ಮುಟ್ಟಿ, "ಕಣ್ ಕೆಳಗಿನ ಕಪ್ಪೆಲ್ಲಾ ಓಯ್ತು ಕಣವ್ವ," ಎಂದರು. ಮಗು ಅವರ ಮಂಡಿ ಹಿಡಿದು ಎದ್ದು ನಿಂತಿತು. ದಪ್ಪ ಪಾದವನ್ನು ರೊಟ್ಟಿ ತಟ್ಟಿದ ಹಾಗೆ ನೆಲಕ್ಕೆ ಊರಿಕೊಂಡು ನಿಂತಿದೆ, ಅಲ್ಲಾಡಿದರೂ ಬೀಳುವುದಿಲ್ಲ. ಇವರು ವಿಡಿಯೋ ಮಾಡಿಕೊಂಡರು. ನಾನು ಕೈ ಚಾಚಿ ಕರೆದೆ. ಅದು ಅತ್ತೆಯ ಸೆರಗಿನೊಳಗೆ ಮುಖ ಇಟ್ಟುಕೊಂಡಿತು.

"ಯಾಕವ್ವ ಬೆಕ್ಕಿನ ಹೆಜ್ಜೆ ಆಕ್ತೀಯ?" ಎಂದರು ಅತ್ತೆ, ನಾನು ಕಾಫಿ ತರುವಾಗ. "ಕಾಲ್ಗೆ ಮುಳ್ಳು ಚುಚ್ತಾ?"

ತುದಿಗಾಲಲ್ಲಿ ನಡೆಯುತ್ತಿದ್ದೆನಂತೆ. ಇಲ್ಲವಲ್ಲ, ಸರಿಯಾಗೇ ನಡೆಯುತ್ತಿದ್ದೆ. ಈ ಮನೆಯ ನೆಲವೇ ಈಚೆಗೆ ಸ್ವಲ್ಪ ಕೆಳಗಿಳಿದ ಹಾಗಿದೆ. ಪ್ರತಿ ಹೆಜ್ಜೆಗೂ ಎಲ್ಲೋ ಹಳ್ಳಕ್ಕೆ ಕಾಲಿಟ್ಟಂತೆ ಧಸಕ್ಕೆನ್ನುತ್ತದೆ. ಹಳೇ ಮನೆ, ತೊಲೆ ಬಾಗಿರಬೇಕು. ಇವರಿಗೆ ನೋಡಲು ಹೇಳಬೇಕು.

ಸೆಪ್ಟೆಂಬರ್ 16, ಮಂಗಳವಾರ

ಮಹಡಿ ಮೆಟ್ಟಿಲಲ್ಲಿ ನೀರಿನ ಬಿಂದಿಗೆ ಬಿತ್ತು. ಬಿಂದಿಗೆ ನೆಗ್ಗಿದೆ, ನನಗೇನೂ ಆಗಿಲ್ಲ.

ಸೆಪ್ಟೆಂಬರ್ 20, ಶನಿವಾರ

ಅತ್ತೆ ಫೋನ್ ಮಾಡಿದ್ದರು! "ಪಕ್ಷ ಕಳೀಲಿ ಅಂತ ಸುಮ್ಕಿದ್ದೆ. ಸೋಮವಾರ ದಸರಾ ಶುರುವಾಯ್ತದಲ್ಲ, ಬೆಳಿಗ್ಗೇನೇ ಬತ್ತೀನಿ. ನಿಂಗೆ ಬಳೆ ತೊಡಿಸಿ, ಮಗೀಗೆ ರಾಗಿ ಸರಿ ಕೊಟ್ಟು ಬತ್ತೀನಿ. ಮಗು ನಿನ್ ತಾವೇ ಇರ್ಲಿ ಕಣವ್ವ. ನಾನ್ ಅಂದಿದ್ದ ಮನ್ಸಲ್ಲಿಟ್ಕಬ್ಯಾಡ."

ಗೆದ್ದೆ. ಹೀಲ್ಸನ್ನು ಗೂಡಿನಿಂದ ತೆಗೆದು ಸೆರಗಿನಲ್ಲೇ ಒರೆಸಿಟ್ಟೆ. ಇವುಗಳಿಂದಲೇ.

ಸೆಪ್ಟೆಂಬರ್ 21, ಭಾನುವಾರ

ಸುಚಿ, ಇದನ್ನೆಲ್ಲಾ ಫೋಟೋ ತೆಗೆದು ನಿನಗೆ ಕಳಿಸುತ್ತಿದ್ದೇನೆ. ಮೊದಲ ಪುಟದಿಂದಲೇ ಕಳಿಸುತ್ತೇನೆ, ನಾನು ಅಜಾಗ್ರತೆ ಮಾಡಿದವಳಲ್ಲ ಎಂದು ನಿನಗಾದರೂ ಗೊತ್ತಾಗಲಿ. ನಿನ್ನ ಫೋನ್ ಸ್ವಿಚ್ ಆಫ್ ಬರುತ್ತಿದೆ. ನೈಟ್ ಡ್ಯೂಟಿ ಇರಬೇಕು. ಮಧ್ಯೆ ಟೀ ಕುಡಿಯಲು ಹೊರಗೆ ಬಂದಾಗ ನೋಡುತ್ತೀಯಲ್ಲ? ಹಿಂದಿನದನ್ನು ಆಮೇಲೆ ಓದು, ಇದನ್ನು ಮೊದಲು ಓದು.

ಇವರು ರಾತ್ರಿ ಶಿಫ್ಟಿಗೆ ಹೊರಟು ಸ್ವಲ್ಪ ಹೊತ್ತಾಗಿತ್ತು. ಬೀದಿಯಿಂದ ಮಂಜುಳಮ್ಮ ಕೂಗಿದರು. "ಗಗನಾ, ದಸರಾ ಲೈಟು ಹಾಕಿ ನೋಡ್ತಾವ್ರೆ, ಊರೆಲ್ಲಾ ಬೆಳಕು. ಮಗೂಗೆ ತೋರ್ಸು ಬಾರೆ." ಅವರು ಸರ್ಕಲ್ಲಿನ ಕಡೆ ಮುಂದೆ ಹೋದರು. ನಿಶಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲಿಳಿದೆ. ಬರಿಗಾಲು. ಹೀಲ್ಸ್ ಕೆಳಗೆ ಗೂಡಿನಲ್ಲಿದ್ದವು. ನಾನು ನಿಯಮ ಮುರಿದಿಲ್ಲ ಸುಚಿ, ಹೀಲ್ಸ್ ಹಾಕಿಕೊಂಡು ಅವಳನ್ನು ಒಂದು ದಿನವೂ ಎತ್ತಿಕೊಂಡವಳಲ್ಲ.

ಮೆಟ್ಟಿಲ ಮೇಲೆ ಪಾದದ ಮುಂಭಾಗ ಇಟ್ಟೆ. ಹಿಮ್ಮಡಿ ಇಳಿಯಲಿಲ್ಲ. ಅದರ ಕೆಳಗೆ ಏನೋ ಇದೆಯೆಂದು ನನ್ನ ಕಾಲು ನಂಬಿಕೊಂಡಿತ್ತು. ಭಾರ ಬಿಟ್ಟೆ. ಅಲ್ಲಿ ಏನೂ ಇರಲಿಲ್ಲ.

ಅವಳನ್ನು ಕೈಬಿಡಲಿಲ್ಲ. ಕೆಳಗಿನವರೆಗೂ ಬಿಡಲಿಲ್ಲ. ಅವಳ ತಲೆ ಕಟಕಟೆಯ ಕಂಬಕ್ಕೆ ಹೊಡೆಯಿತು. ತೆಂಗಿನಕಾಯಿ ಬೆಲೆ ಮಾಡುವಾಗ ಬೆರಳಲ್ಲಿ ಹೊಡೆದು ನೋಡುತ್ತಾರಲ್ಲ, ಅಂಥ ಸದ್ದು. ತುಂಬಾ ಅತ್ತಳು. ಅತ್ತದ್ದು ಒಳ್ಳೆಯದು ಅಲ್ಲವಾ? ಅಳುವ ಮಕ್ಕಳಿಗೆ ಏನೂ ಆಗಿರುವುದಿಲ್ಲ ಎಂದು ನೀನೇ ಯಾವತ್ತೋ ಹೇಳಿದ್ದೆ. ಆಮೇಲೆ ಡಬ್ಬಿ ಹಾಲು ಕುಡಿಸಿದೆ, ವಾಂತಿ ಮಾಡಿದಳು. ಮಲಗಿದಳು. ಮಲಗಿದಲ್ಲೇ ಇನ್ನೊಂದು ಸಲ ವಾಂತಿಯಾಯಿತು. ಬಲಗಿವಿಯ ಹಿಂದೆ ಊದಿದೆ, ಒತ್ತಿದರೆ ಮೆತ್ತಗಿದೆ, ನೀರು ತುಂಬಿದ ಹಾಗೆ. ರಕ್ತ ಇಲ್ಲ. ಹೆಸರು ಹಿಡಿದು ಕರೆದರೆ ಕಣ್ಣು ಅರ್ಧ ತೆಗೆಯುತ್ತಾಳೆ, ನನ್ನ ಕಡೆ ನೋಡುವುದಿಲ್ಲ, ಮತ್ತೆ ಮುಚ್ಚಿಕೊಳ್ಳುತ್ತಾಳೆ. ಅವಳು ಮಲಗುವ ಹೊತ್ತೂ ಹೌದು. ನಿದ್ದೆಯೇ ಇರಬಹುದು.

ಮಂಜುಳಮ್ಮ ವಾಪಸ್ಸು ಬಂದು ಕೆಳಗಿನಿಂದಲೇ ಕೇಳಿದರು. "ಯಾಕೆ ಬರ್ಲಿಲ್ವೇ?" "ಮಲಗಿಬಿಟ್ಟಳು ಆಂಟಿ," ಎಂದೆ. ಎಷ್ಟು ಸಲೀಸಾಗಿ ಬಂತು ಬಾಯಲ್ಲಿ.

ದೊಡ್ಡಾಸ್ಪತ್ರೆ ದೂರವೇನಿಲ್ಲ, ಗೊತ್ತು. ಬೀದಿ ಕೊನೆಗೆ ಹೋದರೆ ಆಟೋ ಸಿಗುತ್ತದೆ. ಆದರೆ ಅಲ್ಲಿ ಹೇಗೆ ಬಿತ್ತು, ಯಾರ ಕೈಯಲ್ಲಿತ್ತು, ತಂದೆ ಎಲ್ಲಿ ಎಂದು ಕೇಳುತ್ತಾರೆ. ಫ್ಯಾಕ್ಟರಿಯ ಗೇಟಿಗೆ ಫೋನ್ ಹೋಗುತ್ತದೆ. ಇವರು ಬರುತ್ತಾರೆ, ಇವರ ಹಿಂದೆ ಅತ್ತೆ. ಬೆಳಿಗ್ಗೆ ಬಳೆ ತರುವ ಅತ್ತೆ, ಸುಚಿ. ಅವರು ಬೈಯುವುದೂ ಇಲ್ಲ. ಸುಮ್ಮನೆ ತೊಟ್ಟಿಲ ಬಟ್ಟೆ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ನಾನು ಬಂದು ನೋಡಿಕೊಂಡು ಹೋಗಬೇಕು. ಏನೂ ಆಗಿಲ್ಲದಿದ್ದರೆ? ಬರೀ ನಿದ್ದೆಯಾಗಿದ್ದರೆ? ಬೆಳಿಗ್ಗೆ ಎದ್ದು ನಗುವ ಮಗುವನ್ನು ನಾನೇ ನನ್ನ ಕೈಯಾರೆ ಕಳಿಸಿಬಿಟ್ಟಂತಾಗುವುದಿಲ್ಲವೇ?

ಈಗ ಅವಳನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಾ ಮಧ್ಯೆ ಮಧ್ಯೆ ನಿಂತು ಬರೆಯುತ್ತಿದ್ದೇನೆ. ಮತ್ತೆ ಬೀಳಬಾರದಲ್ಲ, ಅದಕ್ಕೆ ಕೆಳಗೆ ಹೋಗಿ ಹೀಲ್ಸ್ ತಂದು, ಅಡಿ ತೊಳೆದು, ಹಾಕಿಕೊಂಡಿದ್ದೇನೆ. ಈಗ ಒಂದಿಷ್ಟೂ ಅಲುಗುವುದಿಲ್ಲ ನಾನು. ಇವನ್ನು ಹಾಕಿಕೊಂಡೇ ಎತ್ತಿಕೊಂಡಿದ್ದರೆ ಬೀಳುತ್ತಲೇ ಇರಲಿಲ್ಲ. ಅವಳ ತಲೆ ನನ್ನ ಕತ್ತಿನ ಹತ್ತಿರ ಭಾರವಾಗಿದೆ. ಎಂದಿಗಿಂತ ಭಾರವಾಗಿದೆಯೋ, ನನ್ನ ಹೆಗಲಿಗೆ ಅಭ್ಯಾಸ ತಪ್ಪಿದೆಯೋ ಗೊತ್ತಾಗುತ್ತಿಲ್ಲ. ಉಸಿರು ಇದೆ. ಒಂದು ಬರುತ್ತದೆ, ಆಮೇಲೆ ಇನ್ನೊಂದಕ್ಕೆ ಕಾಯಬೇಕಾಗುತ್ತದೆ. ಮಕ್ಕಳ ಉಸಿರು ಹೀಗೇ ಇರುತ್ತದಾ? ಮೊದಲು ದಿನಾ ನೋಡುತ್ತಿದ್ದೆ. ಈಗ ಎಷ್ಟು ಪ್ರಯತ್ನಪಟ್ಟರೂ ಅದು ಹೇಗಿರುತ್ತಿತ್ತೆಂದು ನೆನಪಿಗೆ ಬರುತ್ತಿಲ್ಲ.

ಎಬ್ಬಿಸಬೇಕಾ, ಮಲಗಲು ಬಿಡಬೇಕಾ? ಅಷ್ಟು ಹೇಳು ಸಾಕು. ನೀನು ಹೋಗು ಅಂದರೆ ಈ ಕ್ಷಣವೇ ಹೋಗುತ್ತೇನೆ, ಮಿಕ್ಕಿದ್ದು ಏನಾದರೂ ಆಗಲಿ. ನೀನು ನರ್ಸು, ನೀನು ಹೇಳಿದ್ದಕ್ಕೆ ಹೋದೆ ಎಂದು ಅವರಿಗೆಲ್ಲಾ ಹೇಳುತ್ತೇನೆ. ನನ್ನೊಬ್ಬಳ ಕೈಯಲ್ಲಿ ಇದು ಆಗುತ್ತಿಲ್ಲ ಕಣೆ.

ಫೋನಿನ ಸದ್ದನ್ನು ಪೂರ್ತಿ ಜೋರಿಗೆ ಇಟ್ಟಿದ್ದೇನೆ, ಅವಳ ಕಿವಿಯ ಪಕ್ಕದಲ್ಲೇ ಕುಪ್ಪಸಕ್ಕೆ ಸಿಕ್ಕಿಸಿಕೊಂಡಿದ್ದೇನೆ. ಸದ್ದಿಗೆ ಎಚ್ಚರವಾಗಿ ಅತ್ತರೆ ಅಳಲಿ. ಇವರು ಬಂದು ಬಾಗಿಲು ತಟ್ಟುವುದರೊಳಗೆ ಮಾಡು. ಬೆಳಗಾಗುವುದರೊಳಗೆ ಮಾಡು, ಸುಚಿ. ಫೋನ್ ಮಾಡೇ.